ಕುತ್ತಿಗೆಯೊಳಗಿನ ಹಗೇವು

ಶೇಂಗಾ ತಿಂದರೆ ಗಳಗಂಡ ಬರುತ್ತದೆ ಅಂತ ಬೈಲಹೊಂಗಲದ ಸಂತೆಯಲ್ಲಿ ನಿಂತು ಹೇಳಿ ನೋಡಿ. "ಏನಪಾ ತಮ್ಮಾ, ಬಿಸಲಾಗ ಭಾಳ ಹೊತ್ತ ನಿಂತೀ ಏನು?" ಅಂತ ಕೇಳಿ ಒಂದು ಗ್ಲಾಸು ನೀರು ಕೊಟ್ಟು ಕಳಿಸುತ್ತಾರೆ. ನಮ್ಮ ಕಡೆ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಹಬ್ಬ ಬಂದರೆ ಶೇಂಗಾ ಹೋಳಿಗೆ. ಬಸ್ಸಿನಲ್ಲಿ ಕುಂತರೆ ಕಾಗದದ ಪೊಟ್ಟಣದಲ್ಲಿ ಹುರಿದ ಶೇಂಗಾ.

ಆದರೆ 1957ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುವ ಒಂದು ಪ್ರಬಂಧ ಹೊರಬಿತ್ತು. ವಿ. ಶ್ರೀನಿವಾಸನ್, ಎನ್. ಆರ್. ಮೌದ್ಗಲ್, ಪಿ. ಎಸ್. ಶರ್ಮಾ ಬರೆದದ್ದು, ಅಮೆರಿಕದ 'ಜರ್ನಲ್ ಆಫ್ ನ್ಯೂಟ್ರಿಷನ್' ಪ್ರಕಟಿಸಿದ್ದು. ಇಲಿಗಳಿಗೆ ಶೇಂಗಾ ತಿನ್ನಿಸಿದರು, ಅವುಗಳ ಥೈರಾಯ್ಡ್ ಗ್ರಂಥಿ ಊದಿಕೊಂಡಿತು. ಅದೇ ತಂಡದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಬೀಜದ ಮೇಲಿನ ಕೆಂಪು ಸಿಪ್ಪೆಯಲ್ಲಿರುವ ಒಂದು ಗ್ಲೈಕೋಸೈಡ್‌ನದು ಅಂತ ತೋರಿಸಿದರು. ಅದು ಮೈಯೊಳಗೆ ಒಡೆದಾಗ ಬರುವ ಪದಾರ್ಥಗಳು, ಥೈರಾಯ್ಡ್‌ಗೆ ಸೇರಬೇಕಾದ ಅಯೋಡಿನ್ ಅನ್ನು ತಾವೇ ಮೊದಲು ಹಿಡಿದುಕೊಳ್ಳುತ್ತವೆ. ಸ್ವಲ್ಪ ಅಯೋಡಿನ್ ಹೆಚ್ಚು ಕೊಟ್ಟರೆ ತೊಂದರೆ ಇಲ್ಲ. ಹಾಗಾಗಿ ಚಟ್ನಿ ಡಬ್ಬಿ ಎತ್ತಿಡಬೇಡಿ. ಅಯೋಡಿನ್ ಇರುವ ಉಪ್ಪು ತಿನ್ನುವ ಮನೆಯಲ್ಲಿ, ಪಾತ್ರೆಗಟ್ಟಲೆ ಶೇಂಗಾ ತಿನ್ನದವರಿಗೆ ಇದು ಚಿಂತೆಯ ವಿಷಯವಲ್ಲ.

ನನಗೆ ಈ ಪ್ರಬಂಧ ಇಷ್ಟವಾದದ್ದು ಶೇಂಗಾದ ಕಾರಣಕ್ಕೆ ಮಾತ್ರ ಅಲ್ಲ, ಆ ಕಾಲದ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ ಅಂತಲೂ ಹೌದು. ಗ್ರಂಥಿಯನ್ನು ತೂಗಬಹುದಿತ್ತು. ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬಹುದಿತ್ತು. ವಿಕಿರಣಶೀಲ ಅಯೋಡಿನ್ ಕೊಟ್ಟು ಎಷ್ಟು ಒಳಗೆ ಹೋಯಿತು ಅಂತ ಎಣಿಸಬಹುದಿತ್ತು. ಆದರೆ "ಈ ಹಾರ್ಮೋನು ಈ ಜೀವಕೋಶದ ಈ ಮೂಲೆಯಲ್ಲಿ ಕೂತಿದೆ" ಅಂತ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಸರ್ವರ್ ಬಿದ್ದಾಗ ಸಿಪಿಯು ಗ್ರಾಫ್ ಮಾತ್ರ ಇದ್ದು ಲಾಗ್ ಫೈಲ್ ಇಲ್ಲದ ಪರಿಸ್ಥಿತಿ ಅನ್ನಿ. ಏನೋ ಕೆಟ್ಟಿದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ.

ಆ 'ಎಲ್ಲಿ' ಎಂಬುದನ್ನು ಹುಡುಕಿದ ಕಥೆ ಇದು. ವಿಜ್ಞಾನಿಗಳ ಕುತೂಹಲಕ್ಕಷ್ಟೇ ಸಂಬಂಧಪಟ್ಟ ಪ್ರಶ್ನೆ ಅಂತ ನಾನೂ ಅಂದುಕೊಂಡಿದ್ದೆ. ರಾಮದುರ್ಗದ ನಮ್ಮ ಸಣ್ಣವ್ವನ ಬಯಾಪ್ಸಿ ವರದಿ ವಾಟ್ಸಾಪಿನಲ್ಲಿ ಬರುವ ತನಕ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗ್ರಂಥಿಯ ಬಗ್ಗೆ ಎರಡು ಮಾತು. ಕುತ್ತಿಗೆಯ ಮುಂದೆ, ಗಂಟಲ ಗಂಟಿನ ಕೆಳಗೆ, ಚಿಟ್ಟೆಯ ಆಕಾರದಲ್ಲಿ, ಸುಮಾರು 20 ಗ್ರಾಂ ತೂಗುವ ಥೈರಾಯ್ಡ್‌ಗೆ ಉಳಿದ ಗ್ರಂಥಿಗಳಿಗಿಲ್ಲದ ಒಂದು ರೂಢಿ ಇದೆ. ಬೇರೆ ಗ್ರಂಥಿಗಳು ತಮ್ಮ ಹಾರ್ಮೋನನ್ನು ಜೀವಕೋಶದ ಒಳಗೇ ಸಣ್ಣ ಪೊಟ್ಟಣ ಕಟ್ಟಿ ಇಟ್ಟುಕೊಳ್ಳುತ್ತವೆ, ಇಲ್ಲವೇ ಬೇಕಾದಾಗ ತಯಾರಿಸಿಕೊಳ್ಳುತ್ತವೆ. ಥೈರಾಯ್ಡ್ ಹಾಗಲ್ಲ, ಕೋಶದ ಹೊರಗೆ ದಾಸ್ತಾನು ಮಾಡುತ್ತದೆ.

ನಮ್ಮೂರಿನ ಹಳೆಯ ಮಂದಿಗೆ ಇದನ್ನು ವಿವರಿಸುವುದು ಸುಲಭ, ಯಾಕಂದರೆ ಅವರು ಹಗೇವು ನೋಡಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದವರಿಗಾಗಿ ಹೇಳುತ್ತೇನೆ: ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಗುಂಡಿ. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಈಗ ಒಂದು ಹಗೇವಿನ ಸುತ್ತ ಗುಂಡಗೆ ಮನೆಗಳಿವೆ, ಎಲ್ಲ ಮನೆಗಳ ಹಿತ್ತಲ ಬಾಗಿಲೂ ಅದರ ಕಡೆಗೇ ತೆರೆಯುತ್ತದೆ ಅಂತ ಕಲ್ಪಿಸಿಕೊಳ್ಳಿ. ಥೈರಾಯ್ಡ್‌ನ ಒಂದು ಫಾಲಿಕಲ್ ಅಂದರೆ ಅದು. ಮನೆಗಳು ಜೀವಕೋಶಗಳು. ನಡುವಿನ ಹಗೇವಿನಲ್ಲಿ ಕೊಲಾಯ್ಡ್ ಎಂಬ ಅಂಟಿನಂಥ ದ್ರವ, ಅದರ ತುಂಬ ಥೈರೋಗ್ಲೋಬುಲಿನ್ ಎಂಬ ದೊಡ್ಡ ಪ್ರೋಟೀನು. ನಮಗೆ ಬೇಕಾದ ಥೈರಾಕ್ಸಿನ್ ಈ ಪ್ರೋಟೀನಿನ ಸರಪಳಿಯಲ್ಲೇ ಮಣಿಯಂತೆ ಸೇರಿಕೊಂಡಿರುತ್ತದೆ. ಹಗೇವು ತುಂಬಿದ್ದರೆ ಎರಡು ಮೂರು ತಿಂಗಳು ಹೊಸ ಅಯೋಡಿನ್ ಬರದಿದ್ದರೂ ನಡೆಯುತ್ತದೆ.

ಇಷ್ಟನ್ನು ತಿಳಿಯಲು ಹಿಡಿದ ಕಾಲ ಕಡಿಮೆಯೇನಲ್ಲ. 1895ರಲ್ಲಿ ಜರ್ಮನಿಯ ಬೌಮನ್ ಈ ಗ್ರಂಥಿಯಲ್ಲಿ ಅಯೋಡಿನ್ ಇದೆ ಅಂದ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ ಹರಳುಗಳನ್ನು ಬೇರ್ಪಡಿಸಿದ. 1920ರ ದಶಕದಲ್ಲಿ ಹ್ಯಾರಿಂಗ್ಟನ್ ಅದರ ರಚನೆ ಬಿಡಿಸಿದ. 1952ರಲ್ಲಿ ಗ್ರಾಸ್ ಮತ್ತು ಪಿಟ್-ರಿವರ್ಸ್ ಟಿ-3 ಕಂಡುಹಿಡಿದರು. ರಸಾಯನಶಾಸ್ತ್ರ ಬಹಳ ದೂರ ಬಂದಿತ್ತು. ಆದರೆ ರಸಾಯನಶಾಸ್ತ್ರದವರು ಗ್ರಂಥಿಯನ್ನು ಅರೆದು, ಸೋಸಿ ನೋಡುವ ಮಂದಿ. ಚಟ್ನಿ ಅರೆದ ಮೇಲೆ ಯಾವ ಕಾಳು ಯಾವ ಹೊಲದ್ದು ಅಂತ ಹೇಗೆ ಹೇಳುತ್ತೀರಿ?

ದಾರಿ ತೋರಿಸಿದ್ದು ಬೇರೊಂದು ಕೇರಿಯ ಮನುಷ್ಯ, ಥೈರಾಯ್ಡ್‌ಗೆ ಸಂಬಂಧವೇ ಇಲ್ಲದವನು. ಆಲ್ಬರ್ಟ್ ಕೂನ್ಸ್ ಎಂಬ ಅಮೆರಿಕದ ವೈದ್ಯ 1939ರಲ್ಲಿ ರಜೆಗೆಂದು ಬರ್ಲಿನ್‌ಗೆ ಹೋಗಿದ್ದ. ಯುದ್ಧ ಬಾಗಿಲಲ್ಲಿತ್ತು. ಆ ಊರಲ್ಲಿ ಅಡ್ಡಾಡುತ್ತಾ ಅವನು ಯೋಚಿಸುತ್ತಿದ್ದದ್ದು ಸಂಧಿವಾತ ಜ್ವರದ ಬಗ್ಗೆ. ಆ ರೋಗದಲ್ಲಿ ಹೃದಯದೊಳಗೆ ಏಳುವ ಸಣ್ಣ ಗಂಟುಗಳಲ್ಲಿ ರೋಗಾಣುವಿನ ಅಂಶ ನಿಜಕ್ಕೂ ಇದೆಯೋ ಇಲ್ಲವೋ, ಇದ್ದರೆ ಕಣ್ಣಿಗೆ ಕಾಣುವುದು ಹೇಗೆ?

ಉತ್ತರ ಇದ್ದದ್ದು ಆಂಟಿಬಾಡಿಯಲ್ಲಿ. ಹೊರಗಿನ ಪದಾರ್ಥ ಮೈಗೆ ಸೇರಿದರೆ ಅದನ್ನು ಗುರುತು ಹಿಡಿಯುವ ಪ್ರೋಟೀನನ್ನು ದೇಹ ತಯಾರಿಸುತ್ತದೆ. ಒಂದು ಆಂಟಿಬಾಡಿಗೆ ಒಂದೇ ಮುಖ ಪರಿಚಯ. ಸವದತ್ತಿ ಎಲ್ಲಮ್ಮನ ಜಾತ್ರೆಯ ಅಷ್ಟು ಗದ್ದಲದಲ್ಲೂ ಕಳೆದುಹೋದ ತನ್ನ ಮಗುವಿನ ಮುಖವನ್ನು ತಾಯಿ ತಪ್ಪದೆ ಗುರುತಿಸುತ್ತಾಳಲ್ಲ, ಹಾಗೆ. ತೊಂದರೆ ಏನಂದರೆ, ಗುಡ್ಡದ ಮೇಲೆ ನಿಂತು ನೋಡುವ ನಮಗೆ ಆ ತಾಯಿಯೂ ಕಾಣುವುದಿಲ್ಲ. ಆಕೆಯ ಕೈಗೆ ಒಂದು ಕಂದೀಲು ಕೊಟ್ಟರೆ? ಕೂನ್ಸ್ ಮಾಡಿದ್ದು ಅಷ್ಟೇ. ಆಂಟಿಬಾಡಿಗೆ ಹೊಳೆಯುವ ಬಣ್ಣದ ಅಣುವನ್ನು ಅಂಟಿಸಿದ. ನೀಲಾತೀತ ಬೆಳಕು ಬಿಟ್ಟರೆ ಅದು ಬೆಳಗುತ್ತದೆ. 1941ರಲ್ಲಿ ಸಂಗಡಿಗರ ಜೊತೆ ಅವನು ಮೊದಲ ಪ್ರಬಂಧ ಪ್ರಕಟಿಸಿದ. ಆಮೇಲೆ ಯುದ್ಧ, ಸೇನೆಯ ಕೆಲಸ. ಈ ವಿಧಾನ ಎಲ್ಲರ ಕೈಗೆ ಬಂದದ್ದು 1950ರ ನಂತರವೇ.

ಇನ್ನು ಥೈರಾಯ್ಡ್‌ಗೆ ವಾಪಸ್ ಬರೋಣ. ಈ ಕಂದೀಲು ಅಲ್ಲಿ ಮಾಡಿದ ಅತಿ ದೊಡ್ಡ ಕೆಲಸ ಥೈರಾಕ್ಸಿನ್‌ಗೆ ಸಂಬಂಧಪಟ್ಟದ್ದೇ ಅಲ್ಲ. ಆ ಗ್ರಂಥಿಯಲ್ಲಿ ಬಾಡಿಗೆಗೆ ಇರುವ ಇನ್ನೊಬ್ಬರು ಸಿಕ್ಕಿಬಿದ್ದದ್ದು ಇದರಿಂದ.

1962ರ ಸುಮಾರಿಗೆ ಕೆನಡಾದ ವ್ಯಾಂಕೂವರ್‌ನಲ್ಲಿ ಹೆರಾಲ್ಡ್ ಕಾಪ್ ರಕ್ತದ ಕ್ಯಾಲ್ಸಿಯಂ ಇಳಿಸುವ ಹಾರ್ಮೋನೊಂದನ್ನು ಗುರುತಿಸಿ ಕ್ಯಾಲ್ಸಿಟೋನಿನ್ ಅಂತ ಹೆಸರಿಟ್ಟ. ಅದು ಬರುವುದು ಪ್ಯಾರಾಥೈರಾಯ್ಡ್‌ನಿಂದ ಅಂತ ಅವನ ನಂಬಿಕೆ. ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಿರುವ ಗೋದಿ ಕಾಳಿನಷ್ಟು ಸಣ್ಣ ಗ್ರಂಥಿಗಳು ಇವು. ಎರಡೂ ಅಕ್ಕಪಕ್ಕ, ರಕ್ತನಾಳವೂ ಹೆಚ್ಚುಕಡಿಮೆ ಒಂದೇ. ಯಾವ ಮನೆಯ ಹೊಗೆ ಯಾವ ಚಿಮಣಿಯಿಂದ ಬಂತು ಅಂತ ತಿಳಿಯುವುದು ಹೇಗೆ? ಮರುವರ್ಷ ಅಮೆರಿಕದ ಹಿರ್ಷ್ ಮತ್ತು ಮನ್ಸನ್ ತಂಡ, ಇಲಿಯ ಥೈರಾಯ್ಡ್ ಅರೆದ ರಸವೇ ಕ್ಯಾಲ್ಸಿಯಂ ಇಳಿಸುತ್ತದೆ ಅಂದಿತು. ಜಗಳ ಶುರು.

ಬಿಡಿಸಿದ್ದು ಆಡು. ಹೌದು, ನಮ್ಮ ಬೇಲಿ ಮುರಿಯುವ ಆಡೇ. ಅದರ ಕುತ್ತಿಗೆಯಲ್ಲಿ ಪ್ಯಾರಾಥೈರಾಯ್ಡ್‌ನ ಒಂದು ಜೋಡಿ ಥೈರಾಯ್ಡ್‌ನಿಂದ ಸ್ವಲ್ಪ ದೂರ, ಬೇರೆಯೇ ರಕ್ತನಾಳದ ಮೇಲೆ ಇರುತ್ತದೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಯಾನ್ ಮ್ಯಾಕಿಂಟೈರ್ ತಂಡ 1964ರಲ್ಲಿ ಆಡಿನ ಥೈರಾಯ್ಡ್‌ಗೆ ಮಾತ್ರ ಕ್ಯಾಲ್ಸಿಯಂ ಹೆಚ್ಚಿರುವ ರಕ್ತ ಹರಿಸಿತು. ದೇಹದ ಕ್ಯಾಲ್ಸಿಯಂ ಇಳಿಯಿತು. ಅಲ್ಲಿಗೆ ಹಾರ್ಮೋನು ಥೈರಾಯ್ಡ್‌ದೇ ಅಂತಾಯಿತು. 'ನೇಚರ್' ಪತ್ರಿಕೆಯ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಫಾಸ್ಟರ್, ಬಗ್‌ದಿಯಾಂಟ್ಜ್ ಅವರ ಪಕ್ಕದಲ್ಲೇ ಕುಮಾರ್ ಎಂಬ ಹೆಸರೂ ಇದೆ. ಅದನ್ನು ಓದುವಾಗ ಸುಮ್ಮನೆ ಖುಷಿಯಾಯಿತು.

ಓಣಿ ಸಿಕ್ಕಿತು, ಮನೆ ನಂಬರ್ ಸಿಗಲಿಲ್ಲ. ಫಾಲಿಕಲ್‌ಗಳ ಗೋಡೆಯಲ್ಲಿ ಮತ್ತು ಸಂದಿಯಲ್ಲಿ, ಹಗೇವಿನ ಕಡೆ ಬಾಗಿಲೇ ಇಲ್ಲದ ಕೆಲವು ಕೋಶಗಳಿವೆ ಅಂತ ಹಳೆಯ ಅಂಗಾಂಶ ತಜ್ಞರಿಗೆ ಗೊತ್ತಿತ್ತು. 1932ರಲ್ಲಿ ನೊನಿಡೆಜ್ ಎಂಬಾತ ನಾಯಿಯ ಥೈರಾಯ್ಡ್‌ಗೆ ಬೆಳ್ಳಿಯ ಲವಣ ಹಾಕಿ ಅವುಗಳೊಳಗೆ ಸಣ್ಣ ಕಣಗಳಿರುವುದನ್ನು ನೋಡಿ 'ಪ್ಯಾರಾಫಾಲಿಕ್ಯುಲರ್' ಅಂತ ಕರೆದಿದ್ದ. ಮನುಷ್ಯರ ಥೈರಾಯ್ಡ್‌ನಲ್ಲಿ ಇವು ನೂರಕ್ಕೆ ಒಂದರಷ್ಟೂ ಇಲ್ಲ. ಇವುಗಳ ಕೆಲಸ ಏನು ಅಂತ ಮೂವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅದೇ ಹ್ಯಾಮರ್‌ಸ್ಮಿತ್‌ನಲ್ಲಿದ್ದ ಎವರ್ಸನ್ ಪಿಯರ್ಸ್, ಇವೇ ಕ್ಯಾಲ್ಸಿಟೋನಿನ್ ಮಾಡುವ ಕೋಶಗಳು ಅಂತ ಅನುಮಾನಿಸಿ 1966ರಲ್ಲಿ 'ಸಿ ಸೆಲ್' ಅಂತ ಹೆಸರಿಟ್ಟ. ಮರುವರ್ಷ ಇಟಲಿಯಿಂದ ಬಂದಿದ್ದ ಜಾನಿ ಬುಸ್ಸೊಲಾಟಿ ಮತ್ತು ಅವನು ಸೇರಿ ಕೂನ್ಸ್‌ನ ಕಂದೀಲು ಹಿಡಿದರು. ಕ್ಯಾಲ್ಸಿಟೋನಿನ್ ವಿರುದ್ಧದ ಆಂಟಿಬಾಡಿಯನ್ನು ಹಂದಿಯ ಮತ್ತು ನಾಯಿಯ ಥೈರಾಯ್ಡ್ ಚೂರುಗಳ ಮೇಲೆ ಹಾಕಿದರು. ಬೆಳಗಿದ್ದು ಸಿ ಸೆಲ್‌ಗಳು. ಪಕ್ಕದ ಫಾಲಿಕಲ್ ಕೋಶಗಳು ಕತ್ತಲಲ್ಲೇ ಉಳಿದವು.

ಒಂದೇ ಗ್ರಂಥಿ, ಎರಡು ಬಗೆಯ ಕೋಶ, ಎರಡು ಬೇರೆ ಹಾರ್ಮೋನು, ಒಂದಕ್ಕೊಂದು ಸಂಬಂಧವಿಲ್ಲ. ಮೀನುಗಳಲ್ಲಂತೂ ಇವೆರಡೂ ಒಂದೇ ಸೂರಿನಡಿ ಇಲ್ಲ, ಸಿ ಸೆಲ್‌ಗಳದೇ ಪ್ರತ್ಯೇಕ ಗ್ರಂಥಿ ಇರುತ್ತದೆ. ಸಸ್ತನಿಗಳಲ್ಲಿ ಭ್ರೂಣ ಬೆಳೆಯುವಾಗ ಅದು ಬಂದು ಥೈರಾಯ್ಡ್ ಜೊತೆ ಕೂಡಿಕೊಳ್ಳುತ್ತದೆ. ಬಾಡಿಗೆಯವರು ಅಂದದ್ದು ಅದಕ್ಕೇ.

ಕಂದೀಲಿನ ಬೆಳಕಿಗೂ ಒಂದು ಮಿತಿ ಇದೆ. ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿರಲಿ, ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಸಿ ಸೆಲ್‌ನೊಳಗಿನ ಕಣಗಳೇ ಹೆಚ್ಚುಕಡಿಮೆ ಆ ಅಳತೆಯವು. ಮನೆ ಬೆಳಗಿದ್ದು ಕಾಣುತ್ತದೆ, ಕಂದೀಲು ಅಡಿಗೆಮನೆಯಲ್ಲಿದೆಯೋ ಪಡಸಾಲೆಯಲ್ಲಿದೆಯೋ ಕಾಣುವುದಿಲ್ಲ. ಒಳಗೆ ಹೋಗಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. 1930ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರುಸ್ಕಾ ಕಟ್ಟಿದ ಯಂತ್ರ ಅದು. ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಕಲ್ಕತ್ತಾದ ನೀರಜನಾಥ ದಾಸ್‌ಗುಪ್ತ ಒಂದನ್ನು ಕೈಯಾರೆ ಕಟ್ಟಿದ್ದರು.

ಆದರೆ ಎಲೆಕ್ಟ್ರಾನ್‌ಗೆ ಕಂದೀಲು ಕಾಣುವುದಿಲ್ಲ. ಅದಕ್ಕೆ ಕಾಣುವುದು ಭಾರ. ಭಾರದ ಪರಮಾಣುಗಳು ಎಲೆಕ್ಟ್ರಾನನ್ನು ಚದುರಿಸುತ್ತವೆ, ಚಿತ್ರದಲ್ಲಿ ಅಲ್ಲಿ ಕಪ್ಪು ಬೀಳುತ್ತದೆ. ಹಾಗಾಗಿ ತಾಯಿಯ ಕೈಯಿಂದ ಕಂದೀಲು ತೆಗೆದು ಒಂದು ಕಬ್ಬಿಣದ ಗುಂಡು ಕೊಡಬೇಕು. ಇದು ಬರೀ ಹೋಲಿಕೆ ಅಲ್ಲ, 1959ರಲ್ಲಿ ಸಿಂಗರ್ ಮಾಡಿದ್ದು ಅಕ್ಷರಶಃ ಇದನ್ನೇ. ಫೆರಿಟಿನ್ ಎಂಬ, ಹೊಟ್ಟೆಯಲ್ಲಿ ಸಾವಿರಾರು ಕಬ್ಬಿಣದ ಪರಮಾಣು ಇಟ್ಟುಕೊಂಡಿರುವ ಪ್ರೋಟೀನನ್ನು ಆಂಟಿಬಾಡಿಗೆ ಅಂಟಿಸಿದ. ಫೆರಿಟಿನ್ ದಪ್ಪ, ಅಂಗಾಂಶದೊಳಗೆ ನುಸುಳುವುದಿಲ್ಲ. 1966-67ರಲ್ಲಿ ನಕಾನೆ ಮತ್ತು ಪಿಯರ್ಸ್ (ಈ ಪಿಯರ್ಸ್ ಬೇರೆ, ಅಮೆರಿಕದವನು) ಪೆರಾಕ್ಸಿಡೇಸ್ ಎಂಬ ಕಿಣ್ವ ಅಂಟಿಸಿದರು. ಅದು ಇದ್ದಲ್ಲಿ ಕಂದು ಬಣ್ಣದ ಪದಾರ್ಥ ಕೂರುತ್ತದೆ, ಅದಕ್ಕೆ ಆಸ್ಮಿಯಂ ಹಿಡಿಸಿದರೆ ಎಲೆಕ್ಟ್ರಾನ್‌ಗೂ ಕಾಣುತ್ತದೆ. ಆದರೆ ಕಂದು ಬಣ್ಣ ಅರಿವೆಗೆ ಬಿದ್ದ ಚಹಾದ ಹಾಗೆ ಸುತ್ತ ಹರಡುತ್ತದೆ. 1971ರಲ್ಲಿ ಫಾಕ್ ಮತ್ತು ಟೇಲರ್ ಬಂಗಾರಕ್ಕೆ ಬಂದರು. 5, 10, 15 ನ್ಯಾನೋಮೀಟರಿನ ಬಂಗಾರದ ಗುಂಡುಗಳು. ಚಿತ್ರದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಖಚಿತವಾದ ಕಪ್ಪು ಚುಕ್ಕೆಗಳು, ಒಂದೊಂದಾಗಿ ಎಣಿಸಬಹುದು. ಎರಡು ಅಳತೆಯ ಗುಂಡು ಬಳಸಿದರೆ ಒಂದೇ ಚೂರಿನಲ್ಲಿ ಎರಡು ಹಾರ್ಮೋನು ಹುಡುಕಬಹುದು.

ಈ ಕೆಲಸದ ಕಷ್ಟ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೆ ನಿರ್ವಾತ, ಹಸಿ ಅಂಗಾಂಶ ಅಲ್ಲಿ ಉಳಿಯದು. ಗ್ಲುಟರಾಲ್ಡಿಹೈಡ್‌ನಲ್ಲಿ ಗಟ್ಟಿ ಮಾಡಬೇಕು, ನೀರು ತೆಗೆಯಬೇಕು, ರಾಳದಲ್ಲಿ ಹುದುಗಿಸಬೇಕು, ಆಮೇಲೆ 100 ನ್ಯಾನೋಮೀಟರಿಗಿಂತ ತೆಳ್ಳಗೆ, ಗಾಜಿನ ಇಲ್ಲವೇ ವಜ್ರದ ಅಲಗಿನಿಂದ ಕೊಯ್ಯಬೇಕು. ಹೆಚ್ಚು ಗಟ್ಟಿ ಮಾಡಿದರೆ ಕೋಶದ ರೂಪ ಚೆಂದ ಉಳಿಯುತ್ತದೆ, ಆದರೆ ಹಾರ್ಮೋನಿನ ಮುಖ ಕೆಟ್ಟು ಆಂಟಿಬಾಡಿಗೆ ಗುರುತೇ ಸಿಗುವುದಿಲ್ಲ. ಕಡಿಮೆ ಮಾಡಿದರೆ ಮುಖ ಉಳಿಯುತ್ತದೆ, ಮನೆ ಕುಸಿಯುತ್ತದೆ. ಎರಡರ ನಡುವೆ ಹದ ಹುಡುಕುವುದರಲ್ಲೇ ಈ ಮಂದಿ ವರ್ಷಗಟ್ಟಲೆ ಸವೆಸಿದ್ದಾರೆ. 1973ರಲ್ಲಿ ಟೊಕುಯಾಸು ರಾಳವನ್ನೇ ಬಿಟ್ಟು, ಸಕ್ಕರೆ ನೀರಿನಲ್ಲಿ ನೆನೆಸಿ ಹೆಪ್ಪುಗಟ್ಟಿಸಿ ಕೊಯ್ಯುವ ದಾರಿ ತೋರಿಸಿದ. ಬಹಳ ಮಂದಿಗೆ ಅದರಿಂದ ಉಸಿರು ಬಂತು.

ಥೈರಾಕ್ಸಿನ್ ವಿಷಯದಲ್ಲಿ ಇನ್ನೂ ಒಂದು ತೊಡಕು. ಅದು ಬಹಳ ಸಣ್ಣ ಅಣು. ಒಂಟಿಯಾಗಿದ್ದರೆ ಈ ತೊಳೆಯುವಿಕೆಯಲ್ಲೇ ಹರಿದುಹೋಗುತ್ತದೆ. ಚೂರಿನಲ್ಲಿ ಆಂಟಿಬಾಡಿ ಹಿಡಿಯುವುದು ಮುಖ್ಯವಾಗಿ ಥೈರೋಗ್ಲೋಬುಲಿನ್‌ಗೆ ಇನ್ನೂ ಅಂಟಿಕೊಂಡಿರುವ ಥೈರಾಕ್ಸಿನ್ ಅನ್ನು. ಬಂಗಾರದ ಚುಕ್ಕೆ ಕಂಡಲ್ಲಿ ಹಾರ್ಮೋನು ಇದೆ ಅನ್ನಬಹುದು, ಕಾಣದಲ್ಲಿ ಇಲ್ಲವೇ ಇಲ್ಲ ಅನ್ನಲು ಬರುವುದಿಲ್ಲ. ಪ್ರೊಡಕ್ಷನ್‌ನಲ್ಲಿ ಲಾಗ್ ಬಂದಿಲ್ಲ ಅಂದಮಾತ್ರಕ್ಕೆ ಎರರ್ ಆಗಿಲ್ಲ ಅಂತ ಹೇಳುವವರಿಗೆ ನಮ್ಮ ಆಫೀಸಿನಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಇಷ್ಟೆಲ್ಲ ಮಾಡಿ, ವಿಕಿರಣಶೀಲ ಗುರುತಿನ ಪ್ರಯೋಗಗಳನ್ನೂ ಸೇರಿಸಿಕೊಂಡು ಕಂಡದ್ದು ಇದು. ಥೈರೋಗ್ಲೋಬುಲಿನ್ ಕೋಶದ ತಳದ ಕಡೆಯ ಪೊರೆಗಳಲ್ಲಿ ಹುಟ್ಟುತ್ತದೆ, ಗಾಲ್ಗಿಯಲ್ಲಿ ತಿದ್ದಿಸಿಕೊಳ್ಳುತ್ತದೆ, ಸಣ್ಣ ಚೀಲಗಳಲ್ಲಿ ಹಗೇವಿನ ಬಾಗಿಲಿಗೆ ಹೋಗುತ್ತದೆ. ಅಯೋಡಿನ್ ಹತ್ತುವುದು ಆ ಬಾಗಿಲ ಹೊಸ್ತಿಲ ಮೇಲೆ. ದೇಹಕ್ಕೆ ಬೇಕಾದಾಗ ಪಿಟ್ಯುಟರಿಯಿಂದ ಟಿಎಸ್‌ಎಚ್ ಬರುತ್ತದೆ, ಕೋಶ ಕೊಲಾಯ್ಡ್‌ನ ಹನಿಗಳನ್ನು ನುಂಗಿ, ಒಳಗೆ ಒಡೆದು, ಥೈರಾಕ್ಸಿನ್ ಬಿಡಿಸಿ ಇನ್ನೊಂದು ಬಾಗಿಲಿನಿಂದ ರಕ್ತಕ್ಕೆ ಬಿಡುತ್ತದೆ. ಅಂದರೆ ಮಾಲು ಒಮ್ಮೆ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಆಮೇಲೆ ಮಾರಾಟ. 1957ರ ಪ್ರಬಂಧದ ಇಲಿಗಳ ಗ್ರಂಥಿ ಊದಿದ್ದೂ ಈ ನಕ್ಷೆ ಇಟ್ಟುಕೊಂಡರೆ ಸರಳವಾಗಿ ಅರ್ಥವಾಗುತ್ತದೆ. ಹೊಸ್ತಿಲಿಗೆ ಅಯೋಡಿನ್ ಸಾಲದು, ಹಾರ್ಮೋನು ಕಡಿಮೆ, ಟಿಎಸ್‌ಎಚ್ ಬೆನ್ನುಬಿಡದೆ ಬರುತ್ತಲೇ ಇರುತ್ತದೆ, ಕೋಶಗಳು ಹೆಚ್ಚುತ್ತಾ ಹೋಗುತ್ತವೆ.

ಸಿ ಸೆಲ್‌ನಲ್ಲಿ ಬಂಗಾರದ ಚುಕ್ಕೆಗಳು ಕೂತದ್ದು ಆ ಸಣ್ಣ ಕಣಗಳ ಮೇಲೇ. ಇಲ್ಲಿ ಹಗೇವು ಇಲ್ಲ, ಪೊಟ್ಟಣ ಕಟ್ಟಿ ಇಡುವ ಪದ್ಧತಿ. 1980ರ ದಶಕದಲ್ಲಿ ಇನ್ನೊಂದು ತಮಾಷೆ ಗೊತ್ತಾಯಿತು. ಕ್ಯಾಲ್ಸಿಟೋನಿನ್ ಮಾಡುವ ಜೀನ್‌ನಿಂದಲೇ ನರಗಳಲ್ಲಿ ಸಿಜಿಆರ್‌ಪಿ ಎಂಬ ಬೇರೆಯೇ ಅಣು ತಯಾರಾಗುತ್ತದೆ. ಒಂದೇ ಸೋರ್ಸ್ ಕೋಡ್, ಎರಡು ಬಿಲ್ಡ್. ಎರಡು ಅಳತೆಯ ಬಂಗಾರ ಹಾಕಿ ನೋಡಿದಾಗ ಸಿ ಸೆಲ್‌ನ ಒಂದೇ ಕಣದೊಳಗೆ ಎರಡೂ ಕೂತಿದ್ದವು.

ಈಗ ಸಣ್ಣವ್ವನ ವರದಿ. ನಮ್ಮವ್ವನ ತಂಗಿ, ರಾಮದುರ್ಗದಲ್ಲಿ ಮಗ್ಗದವರ ಮನೆಗೆ ಕೊಟ್ಟವಳು. ಕುತ್ತಿಗೆಯಲ್ಲಿ ಲಿಂಬಿಕಾಯಿಯಷ್ಟು ಗಂಟು. ಎರಡು ವರ್ಷ ಸೆರಗು ಮುಚ್ಚಿಕೊಂಡು ಓಡಾಡಿದಳು. ನಮ್ಮ ಕಡೆ ಗಂಟು ಹೊಸದಲ್ಲ, ಯಾರೂ ಗಾಬರಿಯಾಗಲಿಲ್ಲ. ಅದಕ್ಕೆ ಕಾರಣವೂ ಇದೆ. ಗಳಗಂಡ ಹಿಮಾಲಯದ ತಪ್ಪಲಿನ ರೋಗ ಅಂತ ಬಹಳ ಕಾಲ ನಂಬಿದ್ದರು. ಕಾಂಗ್ರಾ ಕಣಿವೆಯಲ್ಲಿ ರಾಮಲಿಂಗಸ್ವಾಮಿಯವರ ತಂಡ 1956ರಿಂದ ಉಪ್ಪಿನ ಪ್ರಯೋಗ ಮಾಡಿತು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಆದರೆ 2009ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಕಮ್ಯುನಿಟಿ ಮೆಡಿಸಿನ್' ಪ್ರಕಟಿಸಿದ ಸಮೀಕ್ಷೆಯೊಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿ ಮಕ್ಕಳಲ್ಲೇ ಗಳಗಂಡ ಇರುವುದನ್ನು ತೋರಿಸಿತು. 5%ಕ್ಕಿಂತ ಹೆಚ್ಚಿದ್ದರೆ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಲೆಕ್ಕ. ಇಲ್ಲಿ ಆ ಗೆರೆಯನ್ನು ಸಾಕಷ್ಟು ದಾಟಿತ್ತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದು ಎಂಬ ನಿಯಮ 2000ದಲ್ಲಿ ಸಡಿಲವಾಗಿ, 2006ರಲ್ಲಷ್ಟೇ ದೇಶದ ತುಂಬ ಮತ್ತೆ ಜಾರಿಗೆ ಬಂದಿತ್ತು.

ಸಣ್ಣವ್ವನದು ಆ ಗಂಟಲ್ಲ. ಆಪರೇಷನ್ ಆಯಿತು. ತೆಗೆದ ಗಂಟಿನ ವರದಿಯಲ್ಲಿ ಕೊನೆಗೆ ಎರಡು ಸಾಲು ಇದ್ದವು: ಥೈರೋಗ್ಲೋಬುಲಿನ್ ನೆಗೆಟಿವ್, ಕ್ಯಾಲ್ಸಿಟೋನಿನ್ ಪಾಸಿಟಿವ್. ತಮ್ಮ (ಸಣ್ಣವ್ವನ ಮಗ) ಫೋನ್ ಮಾಡಿ, "ಅಣ್ಣಾ, ನೀ ಇಂಜಿನಿಯರ ಅದಿಯಲ್ಲ, ಇದರಾಗ ನೆಗೆಟಿವ್ ಛಲೋನೋ ಪಾಸಿಟಿವ್ ಛಲೋನೋ?" ಅಂತ ಕೇಳಿದ. ನಾನು ಆವತ್ತು ರಾತ್ರಿಯಿಡೀ ಕೂತು ಓದಿದ್ದರಿಂದಲೇ ಈ ಲೇಖನ ಹುಟ್ಟಿದ್ದು.

ಆ ಎರಡು ಸಾಲು ಕೂನ್ಸ್, ನಕಾನೆ, ಪಿಯರ್ಸ್, ಬುಸ್ಸೊಲಾಟಿ ಇವರೆಲ್ಲರ ಕೆಲಸದ ಮೇಲೆ ನಿಂತಿವೆ. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ಫಾಲಿಕಲ್ ಕೋಶಗಳಿಂದ ಹುಟ್ಟುತ್ತವೆ. 1959ರಲ್ಲಿ ಹೇಜಾರ್ಡ್, ಹಾಕ್, ಕ್ರೈಲ್ ಎಂಬ ಮೂವರು ವೈದ್ಯರು ನೋಡಲು ಬೇರೆ ಥರ ಇರುವ ಒಂದನ್ನು ಮೆಡುಲರಿ ಅಂತ ಪ್ರತ್ಯೇಕಿಸಿದರು. 1966ರಲ್ಲಿ ವಿಲಿಯಮ್ಸ್, ಇದು ಪ್ಯಾರಾಫಾಲಿಕ್ಯುಲರ್ ಕೋಶದ ಗಂಟಿರಬೇಕು ಅಂದ. ಸಿ ಸೆಲ್‌ನಲ್ಲಿ ಕ್ಯಾಲ್ಸಿಟೋನಿನ್ ಇದೆ ಅಂತ ಮರುವರ್ಷ ಗೊತ್ತಾದ ಕೂಡಲೇ ಪರೀಕ್ಷಿಸುವ ದಾರಿ ತೆರೆಯಿತು. ಗಂಟಿನ ಚೂರಿಗೆ ಕ್ಯಾಲ್ಸಿಟೋನಿನ್ ಆಂಟಿಬಾಡಿ ಹಾಕಿ, ಕಂದು ಬಣ್ಣ ಬಂದರೆ ಅದು ಬಾಡಿಗೆಯವರ ಮನೆಯಿಂದ ಎದ್ದದ್ದು. ಈಗ ಇದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಿಲ್ಲ, ಪೆರಾಕ್ಸಿಡೇಸ್ ಮತ್ತು ಸಾಧಾರಣ ಸೂಕ್ಷ್ಮದರ್ಶಕ ಸಾಕು.

ವ್ಯತ್ಯಾಸ ಹೆಸರಿನಲ್ಲಿ ಮಾತ್ರ ಇಲ್ಲ. ಫಾಲಿಕಲ್ ಕೋಶದ ಕ್ಯಾನ್ಸರ್ ಆಗಿದ್ದರೆ ಆಪರೇಷನ್ ಆದಮೇಲೆ ಬೇಕಾದವರಿಗೆ ವಿಕಿರಣಶೀಲ ಅಯೋಡಿನ್ ಕೊಡುತ್ತಾರೆ. ಉಳಿದ ಕೋಶಗಳು ಅದನ್ನು ತಾವೇ ನುಂಗಿ ಸಾಯುತ್ತವೆ. ಸಿ ಸೆಲ್ ಅಯೋಡಿನ್ ಮುಟ್ಟುವುದೇ ಇಲ್ಲ. ಅದೇ ಔಷಧ ಇಲ್ಲಿ ಕೊಟ್ಟರೆ ದುಡ್ಡು, ದಿನ ಎರಡೂ ದಂಡ. ಮತ್ತೊಂದು ಇನ್ನೂ ದೊಡ್ಡದು. ಮೆಡುಲರಿ ಕ್ಯಾನ್ಸರ್‌ನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಆನುವಂಶಿಕ. 1993ರಲ್ಲಿ ಅದರ ಹಿಂದಿರುವ ರೆಟ್ ಜೀನ್ ಸಿಕ್ಕಿತು. ಅದಕ್ಕೇ ಡಾಕ್ಟರು ಸಣ್ಣವ್ವನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಬೇಕು ಅಂದರು, ಅದರಲ್ಲಿ ದೋಷ ಸಿಕ್ಕರೆ ಮಕ್ಕಳದು, ಅಕ್ಕತಂಗಿಯರದು, ಅಂದರೆ ನಮ್ಮವ್ವನದೂ. ಆಗ ಮನೆಯಲ್ಲಿ ನಡೆದ ಮಾತು ಸುಲಭದ್ದಲ್ಲ. ಸಣ್ಣವ್ವನ ಮಗಳಿಗೆ ವರ ನೋಡುತ್ತಿದ್ದರು. "ಗಂಟು ತಗದಾರ, ಮುಗೀತು. ಇಲ್ಲದ್ದು ಯಾಕ ಕೆದರತೀರಿ? ಹುಡುಗಿ ಹೆಸರಿಗೆ ಒಂದು ರೋಗ ಹಚ್ಚಿ ಕೂಡಸ್ತೀರೇನು?" ಅಂತ ಕಾಕಾ ಸಿಟ್ಟಾದರು. ಅವರ ಭಯ ಸುಳ್ಳಲ್ಲ, ನಮ್ಮೂರು ನನಗೂ ಗೊತ್ತು. ಆದರೆ ಜೀನ್‌ನಲ್ಲಿ ದೋಷ ಇರುವ ಕುಟುಂಬಗಳಲ್ಲಿ ಗಂಟು ಏಳುವ ಮೊದಲೇ ಗ್ರಂಥಿ ತೆಗೆದು ಮಕ್ಕಳನ್ನು ಉಳಿಸಿಕೊಳ್ಳಬಹುದು, ಅದು ಆಗುವುದು ಕೇಳಿದರೆ ಮಾತ್ರ. ಒಂದು ವಾರ ಯಾರೂ ಯಾರಿಗೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಸಣ್ಣವ್ವನೇ, "ನನ್ನ ರಕ್ತ, ನಾ ಕೊಡತೀನಿ" ಅಂತ ಎದ್ದು ಬಸ್ಸು ಹತ್ತಿದಳು. ವರದಿಯಲ್ಲಿ ದೋಷ ಇರಲಿಲ್ಲ.

ಆಂಟಿಬಾಡಿಯ ಈ ವಿದ್ಯೆ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಶೇಂಗಾ ಪ್ರಬಂಧದ ಮೌದ್ಗಲ್ ಅವರೇ ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸಿ. ಎಚ್. ಲೀ ಜೊತೆ ಪಿಟ್ಯುಟರಿ ಹಾರ್ಮೋನುಗಳಿಗೆ ಆಂಟಿಬಾಡಿ ತಯಾರಿಸುವ ಕೆಲಸ ಮಾಡಿ ಬಂದು, ಬೆಂಗಳೂರಿನಲ್ಲಿ ಅದನ್ನೇ ಹತ್ಯಾರ ಮಾಡಿಕೊಂಡು ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ದಶಕಗಟ್ಟಲೆ ಅಭ್ಯಾಸ ಮಾಡಿದರು. ಕಿತ್ತೂರಿನಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಸಿಗುವ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ಜಿಲೇಬಿ ಮೀನಿನ ಮಿದುಳಿನಲ್ಲಿ ಯಾವ ಪೆಪ್ಟೈಡ್ ಯಾವ ಕೋಶದಲ್ಲಿದೆ ಅಂತ ಇದೇ ವಿಧಾನದಿಂದ ಗುರುತಿಸಿ ಪ್ರಕಟಿಸುತ್ತಾ ಬಂದಿದ್ದಾರೆ. ಅಷ್ಟೇ ಯಾಕೆ, ಬೈಲಹೊಂಗಲದ ಲ್ಯಾಬಿನಲ್ಲಿ ನಿಮ್ಮ ಅವ್ವನೋ ಅಕ್ಕನೋ ಮಾಡಿಸುವ ಟಿಎಸ್‌ಎಚ್ ಪರೀಕ್ಷೆಯಲ್ಲೂ ಹಾರ್ಮೋನನ್ನು ಒಂದು ಆಂಟಿಬಾಡಿ ಹಿಡಿಯುತ್ತದೆ, ಗುರುತು ಅಂಟಿಸಿದ ಇನ್ನೊಂದು ಬಂದು ಎಣಿಸಿಕೊಡುತ್ತದೆ. ಆಂಟಿಬಾಡಿಯಿಂದ ಹಾರ್ಮೋನು ಅಳೆಯಬಹುದು ಅಂತ ಮೊದಲು ತೋರಿಸಿದ ಬರ್ಸನ್ ಮತ್ತು ಯಾಲೊ ಜೋಡಿಯಲ್ಲಿ ರೋಸಲಿನ್ ಯಾಲೊಗೆ 1977ರ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಹೋಗಿದ್ದ.

ಸಣ್ಣವ್ವ ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಗುಳಿಗೆ ನುಂಗುತ್ತಾಳೆ, ಅರ್ಧ ತಾಸು ಆದಮೇಲೆ ಚಹಾ. ಆರು ತಿಂಗಳಿಗೊಮ್ಮೆ ರಕ್ತದಲ್ಲಿ ಕ್ಯಾಲ್ಸಿಟೋನಿನ್ ನೋಡುತ್ತಾರೆ. ಅದು ಏರಿದರೆ ಎಲ್ಲೋ ಸಿ ಸೆಲ್ ಉಳಿದಿದೆ ಅಂತ ಅರ್ಥ. ಕಳೆದ ಸಲ ಊರಿಗೆ ಹೋದಾಗ ಆಕೆ ಕೇಳಿದಳು, "ಗಡ್ಡಿ ಪೂರಾ ತಗದಾರ. ಒಂದು ಹಾರ್ಮೋನಿಗೆ ಗುಳಿಗಿ ಕೊಟ್ಟಾರ, ಇನ್ನೊಂದಕ್ಕ ಯಾಕ ಕೊಟ್ಟಿಲ್ಲೋ?" ಪ್ರಶ್ನೆ ಸರಿಯಾದದ್ದೇ. ಥೈರಾಯ್ಡ್ ಪೂರ್ತಿ ತೆಗೆಸಿಕೊಂಡ ಲಕ್ಷಾಂತರ ಜನ ಕ್ಯಾಲ್ಸಿಟೋನಿನ್ ಇಲ್ಲದೆ ವರ್ಷಗಟ್ಟಲೆ ಬದುಕಿದ್ದಾರೆ, ಅವರ ಕ್ಯಾಲ್ಸಿಯಂಗೆ ಅದರಿಂದ ಏನೂ ಆಗಿಲ್ಲ. ಆಡು, ಹಂದಿ, ನಾಯಿ, ಇಷ್ಟೆಲ್ಲರ ಕುತ್ತಿಗೆಯಲ್ಲಿ ಅಷ್ಟು ಕಷ್ಟಪಟ್ಟು ಹುಡುಕಿದ ಹಾರ್ಮೋನು ಬೆಳೆದ ಮನುಷ್ಯರಿಗೆ ಹೆಚ್ಚೇನೂ ಬೇಕಿಲ್ಲ. ಇದನ್ನು ಹೇಳಿದಾಗ ಸಣ್ಣವ್ವ ಶೇಂಗಾ ಸುಲಿಯುತ್ತಿದ್ದ ಕೈ ನಿಲ್ಲಿಸದೆ, "ಹಂಗಾರ ಅದನ್ನ ತಿರುಗಿ ತಿರುಗಿ ಯಾಕ ಅಳೀತಾರ?" ಅಂದಳು. ಬಾಡಿಗೆಯವರು ಮನೆ ಖಾಲಿ ಮಾಡಿದ್ದಾರೋ ಇಲ್ಲವೋ ನೋಡಲಿಕ್ಕೆ ಅಂದೆ. ಮುಂದಿನ ಪರೀಕ್ಷೆಯ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಲು ಮಗಳಿಗೆ ಹೇಳಿದಳು.